ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಎಷ್ಟು ಗಂಟೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಕೇಳಿದರೆ ಗಣಿತ ಕೊಡುವ ಉತ್ತರ ಒಂದೇ: ಸುಮಾರು 14,000 ಕಿಲೋಮೀಟರ್. ದೇವನಹಳ್ಳಿಯ ರನ್‌ವೇ ಇದ್ದಲ್ಲೇ ಇದೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ರನ್‌ವೇಯೂ ಇದ್ದಲ್ಲೇ ಇದೆ. ದೂರ ಹೆಚ್ಚುಕಡಿಮೆ ಆಗುವ ಮಾತೇ ಇಲ್ಲ. ಆದರೂ 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ ಅದು ಕ್ರಮಿಸಿದ ದಾರಿ ಸುಮಾರು 16,000 ಕಿ.ಮೀ. ಎಂದು ವರದಿಯಾಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಹೆಣ್ಣುಮಕ್ಕಳೇ ಪೈಲಟ್‌ಗಳಾಗಿದ್ದ ಆ ವಿಮಾನ ಉತ್ತರ ಧ್ರುವದ ಮೇಲಿಂದ ಬಂದದ್ದೇ ಎಲ್ಲ ಪತ್ರಿಕೆಗಳ ಸುದ್ದಿ. ಹದಿನಾಲ್ಕು ಹದಿನಾರಾದದ್ದು ಹೇಗೆ ಎಂಬುದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 14,000 ಕಿ.ಮೀ. ದಾಟಲು ಹದಿನೈದೂವರೆ ಗಂಟೆ ಸಾಕಲ್ಲ, ಹದಿನೇಳು ದಾಟಿದ್ದು ಯಾಕೆ ಎಂಬುದನ್ನೂ ಕೇಳಲಿಲ್ಲ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟ ತಾಯಿ ಮಾತ್ರ ಇದನ್ನು ಸರಿಯಾಗಿಯೇ ಕೇಳುತ್ತಾರೆ: "ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು ಲೆಕ್ಕ, ಅದ್ಹೇಗೆ?"

ಮೊದಲು ದೂರದ ಮಾತು. ಶಾಲೆಯ ಗೋಡೆಯ ಮೇಲೆ ನೇತುಹಾಕಿದ ಪ್ರಪಂಚದ ನಕ್ಷೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅಮೆರಿಕ ಎಂದಕೂಡಲೇ ನಾವು ಎಡಕ್ಕೆ ನೋಡುತ್ತೇವೆ. ಆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಗೆರೆ ಎಳೆಯಿರಿ. ಗೆರೆ ಅರಬ್ಬಿ ಸಮುದ್ರ ದಾಟಿ, ಅರೇಬಿಯ, ಸಹಾರಾ, ಅಟ್ಲಾಂಟಿಕ್ ಹಾದು, ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿ ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. ನೋಡಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಅಳೆದರೆ ಸುಮಾರು 20,000 ಕಿ.ಮೀ., ಅಂದರೆ ಭೂಮಿಯ ಅರ್ಧ ಸುತ್ತು! ನಕ್ಷೆಯ ಮೇಲಿನ ನೇರ ಗೆರೆ ನಿಜವಾದ ಹತ್ತಿರದ ದಾರಿಗಿಂತ ಆರು ಸಾವಿರ ಕಿ.ಮೀ. ಸುತ್ತುಬಳಸು.

ತಪ್ಪು ನಕ್ಷೆಯದ್ದಲ್ಲ. 1569ರಲ್ಲಿ ಮರ್ಕೇಟರ್ ಎಂಬಾತ ಆ ಬಗೆಯ ನಕ್ಷೆ ಮಾಡಿದ್ದು ಹಡಗಿನವರಿಗೆ, ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗುವವರಿಗೆ. ಅವರ ಕೆಲಸಕ್ಕೆ ಅದು ಸೊಗಸಾಗಿ ಒದಗಿತು. ಆದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಧ್ರುವಗಳ ಕಡೆಯ ನೆಲ ಹಿಗ್ಗಲೇಬೇಕು. ಹಾಗಾಗಿಯೇ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟು ದೊಡ್ಡದಾಗಿ ಕಾಣುತ್ತದೆ; ನಿಜದಲ್ಲಿ ಆಫ್ರಿಕ ಅದರ ಹದಿನಾಲ್ಕು ಪಟ್ಟು.

ವಿಮಾನ ನಿಲ್ದಾಣ ಇರುವ ದೇವನಹಳ್ಳಿ ಚಕ್ಕೋತಕ್ಕೆ ಹೆಸರಾದ ಊರು, ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಒಂದು ಒಳ್ಳೆಯ ದುಂಡನೆಯ ಚಕ್ಕೋತ ತಂದು ಅದರ ಮೇಲೆ ಎರಡು ಗುಂಡುಸೂಜಿ ಚುಚ್ಚಿ, ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ದಾರ ತಾನಾಗಿಯೇ ಅತಿ ಹತ್ತಿರದ ದಾರಿಗೆ ಜಾರಿ ಕೂರುತ್ತದೆ. ಗಣಿತದವರು ಇದನ್ನು ಮಹಾವೃತ್ತದ ಕಂಸ ಎನ್ನುತ್ತಾರೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಂದು ಎಲ್ಲಿ ಯಾವ ಅಂಕಿ ಕಂಡರೂ ಅದು ಈ ದಾರದ ಉದ್ದ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಪಿಯುಸಿ ಮಟ್ಟದ ತ್ರಿಕೋನಮಿತಿ ಸಾಕು. ಭೂಮಿ ಧ್ರುವಗಳ ಕಡೆ ತುಸು ಅದುಮಿದಂತಿರುವುದರಿಂದ ಪೂರ್ತಿ ಗೋಳ ಎಂದುಕೊಂಡು ಮಾಡಿದ ಲೆಕ್ಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬರುತ್ತದೆ, ಪ್ರಯಾಣಿಕರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ನಮ್ಮ ದಾರ ಎಲ್ಲೆಲ್ಲಿ ಹಾಯುತ್ತದೆ ನೋಡೋಣ. ಬೆಂಗಳೂರು ಸುಮಾರು 78 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದಲ್ಲಿ. ಹೆಚ್ಚುಕಡಿಮೆ ಭೂಮಿಯ ಆಚೆ ಬದಿ, ಆದರೆ ಪೂರ್ವದ ಕಡೆಯಿಂದ ಹೋದರೆ ತುಸು ಹತ್ತಿರ. ಹಾಗಾಗಿ ದಾರ ಬೆಂಗಳೂರು ಬಿಟ್ಟಕೂಡಲೇ ಪಶ್ಚಿಮಕ್ಕಲ್ಲ, ಉತ್ತರಕ್ಕೆ ತಿರುಗಿ ಕೊಂಚ ಪೂರ್ವಕ್ಕೆ ವಾಲುತ್ತದೆ. ತೆಲಂಗಾಣ, ಛತ್ತೀಸಗಢ ದಾಟಿ ಪ್ರಯಾಗರಾಜ್-ಮಿರ್ಜಾಪುರದ ಆಸುಪಾಸಿನಲ್ಲಿ ಗಂಗೆಯನ್ನು ಹಾದು, ನೇಪಾಳದಲ್ಲಿ ಅನ್ನಪೂರ್ಣಾ ಶಿಖರಗಳ ಹತ್ತಿರದಿಂದ ಟಿಬೆಟ್ ಹೊಗುತ್ತದೆ. ಅಲ್ಲಿಂದ ಷಿನ್‌ಜಿಯಾಂಗ್, ಪಶ್ಚಿಮ ಮಂಗೋಲಿಯ, ಬೈಕಲ್ ಸರೋವರದ ಪಶ್ಚಿಮಕ್ಕೆ ಸೈಬೀರಿಯ, ಯಾಕೂಟಿಯ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಪೂರ್ವ ಸೈಬೀರಿಯನ್ ಸಮುದ್ರದ ಮೇಲೆ ತನ್ನ ತುತ್ತತುದಿ ಮುಟ್ಟಿ ಮತ್ತೆ ಕೆಳಗಿಳಿಯುತ್ತಾ ಅಲಾಸ್ಕದ ನಡುನೆತ್ತಿಯ ಮೇಲೆ ಹಾದು, ಪೆಸಿಫಿಕ್ ಅಂಚಿನಗುಂಟ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತದೆ. ಯೂರೋಪೂ ಇಲ್ಲ, ಅಟ್ಲಾಂಟಿಕ್ಕೂ ಇಲ್ಲ.

ಉತ್ತರ ಧ್ರುವ ಈ ದಾರದ ಮೇಲಿಲ್ಲ ಎಂಬುದನ್ನು ಗಮನಿಸಿದಿರಾ? ನೇರ ಧ್ರುವಕ್ಕೆ ಹೋಗಿ ಅಲ್ಲಿಂದ ನೇರ ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿದರೂ ಹೆಚ್ಚುವರಿ ಬೀಳುವುದು ನಾನೂರು ಕಿ.ಮೀ.ಗಿಂತ ಕಡಿಮೆ. ಅರ್ಧ ಗಂಟೆಯೂ ಆಗದ ಈ ವ್ಯತ್ಯಾಸಕ್ಕೆ ವಿಮಾನದ ದಾರಿ ಹಾಕುವ ಯೋಜಕರು ಹೆಚ್ಚು ಚಿಂತಿಸುವುದಿಲ್ಲ, ಅವರ ಚಿಂತೆ ಬೇರೆಯೇ ಇದೆ. ಮೊದಲನೆಯದು ಟಿಬೆಟ್.

ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಎವರೆಸ್ಟ್ 29,000 ಅಡಿ ಇದ್ದರೇನು ಎಂದು ಕೇಳಬಹುದು. ಹಾರುವುದೇನೋ ಹಾರಬಹುದು. ತೊಡಕು ಇರುವುದು ಏನಾದರೂ ಕೆಟ್ಟಾಗ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿಂದ ಮುಖವಾಡಗಳು ಬೀಳುತ್ತವೆ, ಅವು ಸಾಮಾನ್ಯವಾಗಿ ಆಮ್ಲಜನಕ ಕೊಡುವುದು ಹನ್ನೆರಡರಿಂದ ಇಪ್ಪತ್ತೆರಡು ನಿಮಿಷ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಮನುಷ್ಯರು ಹಾಗೆಯೇ ಉಸಿರಾಡಬಹುದಾದ 10,000 ಅಡಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್, ಅಂದರೆ 15,000 ಅಡಿಗೆ ಹತ್ತಿರ. ಇಳಿಯಲು ಜಾಗವೇ ಇಲ್ಲ, ನೆಲವೇ ಅಡ್ಡ ಬರುತ್ತದೆ. ಹೀಗಾಗಿ ಜಗತ್ತಿನ ಹೆಚ್ಚಿನ ವಿಮಾನಗಳು ಟಿಬೆಟ್ಟನ್ನು ಬಳಸಿಕೊಂಡೇ ಹೋಗುತ್ತವೆ. ನಮ್ಮ ದಾರವೋ ಅದರ ಹೊಟ್ಟೆಯ ಮೇಲೇ ಹಾಯುತ್ತದೆ. ಹದಿನಾಲ್ಕು ಸಾವಿರಕ್ಕೆ ಮೊದಲ ಕಂತಿನ ಬಡ್ಡಿ ಸೇರುವುದು ಇಲ್ಲಿ.

ಎರಡನೆಯದು ಗಾಳಿ. ಇದೇ ನಿಜವಾದ ಯಜಮಾನ.

ಭೂಮಧ್ಯ ರೇಖೆಯ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ನಡುವಿನ ಸೆಣಸಾಟದಿಂದ, ಭೂಮಿ ತಿರುಗುವ ಪ್ರಭಾವವೂ ಸೇರಿ, ಒಂಬತ್ತು-ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಎಂದು ಕರೆಯುವುದು ಇವನ್ನೇ. ಚಳಿಗಾಲದಲ್ಲಿ ಜಪಾನಿನ ಮೇಲೆ, ಉತ್ತರ ಪೆಸಿಫಿಕ್ ಮೇಲೆ ಇವುಗಳ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಇವನ್ನು ಮೊದಲು ಅಳೆದವರಲ್ಲಿ ಒಬ್ಬ ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿ ಬಲೂನು ಹಾರಿಬಿಟ್ಟು, ದೂರದರ್ಶಕದಲ್ಲಿ ಅದರ ಬೆನ್ನುಹತ್ತಿ ಮೇಲ್ಗಾಳಿಯ ವೇಗ ಬರೆದಿಟ್ಟುಕೊಂಡ. ಜಗತ್ತಿಗೆಲ್ಲ ತಿಳಿಯಲಿ ಎಂಬ ಆಸೆಯಿಂದ 1926ರಲ್ಲಿ ತನ್ನ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ. ಎಲ್ಲರಿಗೂ ಎಂದು ಕಟ್ಟಿದ ಆ ಭಾಷೆಯನ್ನು ಓದುವವರೇ ಇರಲಿಲ್ಲ, ವರದಿ ಮೂಲೆ ಸೇರಿತು. 1944ರಲ್ಲಿ ಅಮೆರಿಕದ ಬಿ-29 ಬಾಂಬರ್‌ಗಳು ಜಪಾನಿನ ಮೇಲೆ ಎತ್ತರದಲ್ಲಿ ಹಾರಿದಾಗ, ಗುರಿಯಿಟ್ಟ ಬಾಂಬು ಎಲ್ಲೋ ಬೀಳುವಷ್ಟು ಗಾಳಿ ಅವರನ್ನು ತಳ್ಳಿತು. ಓಯಿಶಿ ಬರೆದಿಟ್ಟದ್ದನ್ನು ಅವರು ಮೈಮೇಲೆ ಬಂದಾಗ ಕಲಿತರು.

ನಾಗರಿಕ ವಿಮಾನಯಾನಕ್ಕೆ ಇದರ ಲಾಭ ದಕ್ಕಿದ್ದು 1952ರ ನವೆಂಬರಿನಲ್ಲಿ. ಪ್ಯಾನ್ ಆಮ್ ವಿಮಾನವೊಂದು ಟೋಕಿಯೋದಿಂದ ಹೊನೊಲುಲುಗೆ ಜೆಟ್ ಸ್ಟ್ರೀಮಿನ ಬೆನ್ನೇರಿ ಹೋಯಿತು. ಸಾಮಾನ್ಯವಾಗಿ 18 ಗಂಟೆ ಹಿಡಿಯುತ್ತಿದ್ದ ಪ್ರಯಾಣ ಹನ್ನೊಂದೂವರೆ ಗಂಟೆಗೆ ಮುಗಿಯಿತು. ದೂರ ಒಂದು ಮಾರೂ ಕಡಿಮೆಯಾಗಿರಲಿಲ್ಲ. ತೀರ ಇತ್ತೀಚಿನ ಉದಾಹರಣೆ ಬೇಕಾದರೆ 2020ರ ಫೆಬ್ರವರಿ: ಬಿರುಗಾಳಿಯೊಂದು ಅಟ್ಲಾಂಟಿಕ್ ಮೇಲಿನ ಜೆಟ್ ಸ್ಟ್ರೀಮಿಗೆ ಇನ್ನಷ್ಟು ಬಲ ತುಂಬಿದ್ದ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಜಂಬೊ ಜೆಟ್ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತೇ ಎಂದರೆ, ಇಲ್ಲ. ವಿಮಾನ ತನ್ನ ಸುತ್ತಲಿನ ಗಾಳಿಯಲ್ಲಿ ಎಂದಿನ ವೇಗದಲ್ಲೇ ಹಾರುತ್ತಿತ್ತು, ಆ ಗಾಳಿಯೇ ಓಡುತ್ತಿತ್ತು.

ಈ ಮಾತನ್ನು ಬಿಡಿಸಿ ಹೇಳಬೇಕು. ಬೋಯಿಂಗ್ 777 ಶಬ್ದದ ವೇಗದ ನೂರಕ್ಕೆ 84ರಷ್ಟು ವೇಗದಲ್ಲಿ ಹಾರುತ್ತದೆ. ಮೈನಸ್ 55 ಡಿಗ್ರಿಯ ಆ ಎತ್ತರದಲ್ಲಿ ಅದು ಗಂಟೆಗೆ ಸುಮಾರು 890 ಕಿ.ಮೀ., ಸುಲಭಕ್ಕೆ 900 ಎಂದಿಟ್ಟುಕೊಳ್ಳಿ. 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ನೆಲದ ಮೇಲಿನ ಲೆಕ್ಕ 1,000, ಎದುರಿಗಿದ್ದರೆ 800. ಹದಿನಾಲ್ಕು ಸಾವಿರವನ್ನು ಸಾವಿರದಿಂದ ಭಾಗಿಸಿದರೆ 14 ಗಂಟೆ, ಎಂಟುನೂರರಿಂದ ಭಾಗಿಸಿದರೆ ಹದಿನೇಳೂವರೆ. ಒಂದೇ ದಾರಿ, ಒಂದೇ ವಿಮಾನ, ಮೂರೂವರೆ ಗಂಟೆಯ ಅಂತರ. ಹೋಗುವಾಗ ಉಳಿದದ್ದು ಬರುವಾಗ ಖರ್ಚಾಗಿ ಲೆಕ್ಕ ಚುಕ್ತಾ ಆಗುತ್ತದೆ ಎಂದುಕೊಂಡರೆ ಅದೂ ಇಲ್ಲ. ಹೋಗಿಬರುವುದಕ್ಕೆ ಒಟ್ಟು ಮೂವತ್ತೊಂದೂವರೆ ಗಂಟೆ. ಗಾಳಿಯೇ ಇಲ್ಲದಿದ್ದರೆ ಮೂವತ್ತೊಂದು ಗಂಟೆ ಏಳು ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಗಾಳಿ ಕೊಟ್ಟದ್ದಕ್ಕಿಂತ ಕಸಿದುಕೊಳ್ಳುವುದೇ ಹೆಚ್ಚು.

ಹಾಗಾಗಿ ವಿಮಾನದ ದಾರಿ ಹಾಕುವವರು ಹುಡುಕುವುದು ಅತಿ ಕಡಿಮೆ ದೂರವನ್ನಲ್ಲ, ಅತಿ ಕಡಿಮೆ ಹೊತ್ತನ್ನು. ಬೆಂಗಳೂರಿನಿಂದ ಹೋಗುವಾಗ ಚೀನಾ, ಜಪಾನ್ ಕಡೆಗೆ ಸರಿದು ಪೆಸಿಫಿಕ್ ಮೇಲಿನ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡರೆ ಸಾವಿರಗಟ್ಟಲೆ ಕಿ.ಮೀ. ಸುತ್ತಾದರೂ ಬೇಗ ತಲುಪಬಹುದು. ಬರುವಾಗ ಅದೇ ದಾರಿಯಲ್ಲಿ ಬಂದರೆ ಗಾಳಿಗೆ ಎದೆಯೊಡ್ಡಬೇಕು. ಆಗ ಧ್ರುವದ ಕಡೆ ಮೇಲೇರಿ, ಜೆಟ್ ಸ್ಟ್ರೀಮನ್ನು ಕೆಳಗೆ ಬಿಟ್ಟು, ಶಾಂತವಾದ ಆಕಾಶದಲ್ಲಿ ಬರುವುದು ಮೇಲು. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ದಾರಿ ಹಿಡಿದದ್ದರ ಹಿಂದೆ ಈ ತರ್ಕವೂ ಇದೆ, ಬರೀ ಸಾಹಸವಲ್ಲ. ಹೋಗುವಾಗ ಹದಿನಾರರ ಆಸುಪಾಸು, ಬರುವಾಗ ಹದಿನೇಳು ದಾಟುವುದು ಇದರಿಂದಲೇ.

ಇಲ್ಲೊಂದು ಹಳೆಯ ಗೊಂದಲವನ್ನು ಬಗೆಹರಿಸಿಬಿಡಬೇಕು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರೇ ಎದುರಾಗಿ ಬರಬೇಕಲ್ಲವೇ ಎಂದು ಬುದ್ಧಿವಂತರೂ ಕೇಳುತ್ತಾರೆ. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ ಎಂಬುದು ನಿಜ. ಆದರೆ ಅದರ ಮೇಲಿನ ಗಾಳಿಯೂ, ನಿಂತ ವಿಮಾನವೂ, ಕಾಫಿ ಹೀರುತ್ತಿರುವ ಪ್ರಯಾಣಿಕರೂ ಅದೇ ವೇಗದಲ್ಲಿ ಜೊತೆಗೇ ಸಾಗುತ್ತಿರುತ್ತಾರೆ. ಹಾಗಲ್ಲದಿದ್ದರೆ ಹೆಲಿಕಾಪ್ಟರ್ ಮೇಲೇರಿ ಸುಮ್ಮನೆ ನಿಂತು, ಅಮೆರಿಕ ಬಂದಾಗ ಇಳಿದರೆ ಸಾಕಾಗುತ್ತಿತ್ತು, ವೀಸಾದ ತಾಪತ್ರಯ ಮಾತ್ರ ಉಳಿಯುತ್ತಿತ್ತು.

ಮೂರನೆಯದು ಮನುಷ್ಯರ ಜಗಳ. ಬೆಟ್ಟ ಅಲ್ಲೇ ಇರುತ್ತದೆ, ಗಾಳಿಗೆ ಋತು ಇದೆ. ಜಗಳಕ್ಕೆ ಯಾವುದೂ ಇಲ್ಲ. ಫಿನ್‌ಲ್ಯಾಂಡಿನ ಫಿನ್‌ಏರ್ ಸಂಸ್ಥೆಯ ಕತೆ ಇದಕ್ಕೆ ತಕ್ಕುದು. 1983ರಲ್ಲಿ ಅದು ಹೆಲ್ಸಿಂಕಿಯಿಂದ ಟೋಕಿಯೋಗೆ ನೇರ ವಿಮಾನ ಆರಂಭಿಸಿದಾಗ ಸೋವಿಯತ್ ಆಕಾಶ ಮುಚ್ಚಿತ್ತು. ಉತ್ತರ ಧ್ರುವದ ಕಡೆ ಹತ್ತಿ, ಅಲಾಸ್ಕದ ಆಚೆಯಿಂದ ಇಳಿದು ಸುಮಾರು 13 ಗಂಟೆ ಹಾರಬೇಕಿತ್ತು. ಮುಂದೆ ಸೈಬೀರಿಯದ ಆಕಾಶ ತೆರೆಯಿತು, ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿಯಿತು. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮೂರಿನ ಮೂಲಕ ಎಂದು ಫಿನ್‌ಏರ್ ತನ್ನ ವ್ಯಾಪಾರವನ್ನೇ ಈ ಭೂಗೋಳದ ಮೇಲೆ ಕಟ್ಟಿಕೊಂಡಿತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ರಷ್ಯಾ ತನ್ನ ಆಕಾಶವನ್ನು ಯೂರೋಪಿನ ವಿಮಾನಗಳಿಗೆ ಮುಚ್ಚಿತು, ಫಿನ್‌ಏರ್ ಮರಳಿ ಧ್ರುವದ ದಾರಿಗೆ ಬಂತು. ಮತ್ತೆ 13 ಗಂಟೆ. ಎಂಜಿನ್ ಸುಧಾರಿಸಿದೆ, ವಿಮಾನ ಹೊಸದು, ಗಂಟೆ ಮಾತ್ರ ನಲವತ್ತು ವರ್ಷದ ಹಿಂದಿನದು. ಧ್ರುವ ದಾಟಿದ್ದಕ್ಕೆ ಪ್ರಯಾಣಿಕರ ಕೈಗೆ ಪ್ರಮಾಣಪತ್ರ ಕೊಟ್ಟು ಸಮಾಧಾನಪಡಿಸಿದರು.

ಬೆಂಗಳೂರಿಗೂ ಇದರ ಬಿಸಿ ತಟ್ಟಿದೆ. ಅಮೆರಿಕದ ಯುನೈಟೆಡ್ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಬಿಡುವುದಾಗಿ ಘೋಷಿಸಿದ್ದವು. ಕೊರೊನಾ ಅಡ್ಡ ಬಂತು, ಆಮೇಲೆ ರಷ್ಯಾದ ಆಕಾಶ ಅವರಿಗೆ ಮುಚ್ಚಿತು. ಭಾರತದ ವಿಮಾನಗಳಿಗೆ ರಷ್ಯಾ ಬಾಗಿಲು ಹಾಕಲಿಲ್ಲ, ಏರ್ ಇಂಡಿಯಾಕ್ಕೆ ಅದೊಂದು ಅನುಕೂಲವಾಯಿತು. ಆದರೆ ಆ ಅನುಕೂಲದ ಇನ್ನೊಂದು ಮುಖ 2023ರ ಜೂನ್ 6ರಂದು ಕಂಡಿತು: ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿನ ತಾತ್ಕಾಲಿಕ ವಸತಿಗಳಲ್ಲಿ ಕಾಯಬೇಕಾಯಿತು. ವಿಮಾನದ ದಾರಿ ಹಾಕುವಾಗ ಎರಡು ಎಂಜಿನ್ನಿನ ವಿಮಾನಕ್ಕೆ ನಿಗದಿತ ಹೊತ್ತಿನೊಳಗೆ ತಲುಪಬಹುದಾದ ಪರ್ಯಾಯ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು ಎಂಬ ನಿಯಮವಿದೆ. ಮಗದಾನ್ ಅಂಥದೊಂದು ನಿಲ್ದಾಣ. ಅದರ ಹೆಸರು ಕೇಳದವರೂ ಅದನ್ನು ನಂಬಿಕೊಂಡೇ ಹಾರುತ್ತಿರುತ್ತಾರೆ.

ಇನ್ನು ನಮ್ಮದೇ ಗಡಿ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನು ಜುಲೈವರೆಗೆ ಮುಚ್ಚಿತ್ತು. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಹೆಚ್ಚು ಪೆಟ್ಟು ಬಿದ್ದದ್ದು ದಿಲ್ಲಿಗೆ. ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಯೂರೋಪಿನಲ್ಲಿ ಇಳಿಯಬೇಕಾಯಿತು, ಇಂಡಿಗೊ ಸಂಸ್ಥೆ ಅಲ್ಮಾಟಿ ಮತ್ತು ತಾಷ್ಕೆಂಟ್ ಸೇವೆಯನ್ನೇ ನಿಲ್ಲಿಸಿತು. ದಿಲ್ಲಿಗೂ ತಾಷ್ಕೆಂಟಿಗೂ ದೂರ ಅಷ್ಟೇ ಇತ್ತು. ಆದರೆ ಸುತ್ತಿ ಹೋಗುವ ದಾರಿಗೆ ಅವರ ಸಣ್ಣ ವಿಮಾನದ ಇಂಧನ ಸಾಲುತ್ತಿರಲಿಲ್ಲ. ಬೆಂಗಳೂರಿನಿಂದ ಪಶ್ಚಿಮಕ್ಕೆ ಹಾರುವ ವಿಮಾನಗಳಿಗೆ ಅರಬ್ಬಿ ಸಮುದ್ರದ ದಾರಿ ಇರುವುದರಿಂದ ಅಷ್ಟು ಕಷ್ಟವಾಗಲಿಲ್ಲ. ದಕ್ಷಿಣದಲ್ಲಿರುವುದಕ್ಕೂ ಒಮ್ಮೊಮ್ಮೆ ಲಾಭವಿದೆ.

ಇಂಧನದ ಮಾತು ಬಂತು. ಆ ಮೊದಲ ಹಾರಾಟಕ್ಕೆ ಬಳಸಿದ 777-200 ಎಲ್‌ಆರ್ ಮಾದರಿಯ ವಿಮಾನ ಮೇಲೇರುವಾಗ ಗರಿಷ್ಠ 347 ಟನ್ ತೂಗಬಹುದು, ಅದರಲ್ಲಿ ಸುಮಾರು 145 ಟನ್ ಇಂಧನವೇ ಇರಬಹುದು. ಮೊದಲ ಕೆಲವು ಗಂಟೆ ಸುಡುವ ಇಂಧನದ ದೊಡ್ಡ ಪಾಲು ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ದೂರ ಹೆಚ್ಚಿದಂತೆ ಈ ಹೊರೆ ಇನ್ನೂ ವೇಗವಾಗಿ ಏರುತ್ತದೆ, ಅದಕ್ಕೇ ಅತಿ ದೂರದ ನೇರ ಟಿಕೆಟ್ ಅಷ್ಟು ದುಬಾರಿ. ಬೆಂಗಳೂರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಸಮುದ್ರಮಟ್ಟದಿಂದ ನಾಲ್ಕು ಮೀಟರ್ ಎತ್ತರ, ಕೆಂಪೇಗೌಡ ನಿಲ್ದಾಣ 915 ಮೀಟರ್. ನಾವು ಹೆಮ್ಮೆಪಡುವ ಹಿತವಾದ ಹವೆ ಈ ಎತ್ತರದ ಕೊಡುಗೆ; ಆದರೆ ಇಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆ. ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಎಂಜಿನ್ನಿನ ಬಲ ಕಡಿಮೆ, ಓಡಬೇಕಾದ ರನ್‌ವೇ ಉದ್ದ. 2008ರ ಮೇ ತಿಂಗಳಲ್ಲಿ ಆರಂಭವಾದ ಈ ನಿಲ್ದಾಣಕ್ಕೆ ನಾಲ್ಕು ಕಿ.ಮೀ. ಉದ್ದದ ರನ್‌ವೇ ಇರುವುದು ಸುಮ್ಮನೆ ಅಲ್ಲ. ಧ್ರುವದ ದಾರಿಯಲ್ಲಿ ಇಂಧನಕ್ಕೆ ಇನ್ನೊಂದು ಕಾಟ: ಜೆಟ್ ಎ-1 ಎಂಬ ವಿಮಾನದ ಎಣ್ಣೆ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ರೆಕ್ಕೆಯೊಳಗಿನ ಎಣ್ಣೆ ತೀರ ತಣ್ಣಗಾದರೆ ಪೈಲಟ್ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎರಡೂ ಸಮಯದ ಲೆಕ್ಕವನ್ನು ಅಲುಗಿಸುತ್ತವೆ.

ಗಡಿಯಾರದ ಮೋಜನ್ನು ಈಗ ಹೇಳಬಹುದು. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟದ್ದು ಜನವರಿ 9, ಶನಿವಾರ ರಾತ್ರಿ ಎಂಟೂವರೆಗೆ. ಬೆಂಗಳೂರು ಮುಟ್ಟಿದ್ದು ಜನವರಿ 11, ಸೋಮವಾರ ನಸುಕಿನಲ್ಲಿ. ನಡುವಿನ ಭಾನುವಾರವನ್ನು ಪ್ರಯಾಣಿಕರು ಯಾವ ಊರಿನಲ್ಲೂ ಕಳೆಯಲಿಲ್ಲ. ಹೋಗುವಾಗ ಇದು ತಿರುಗುಮುರುಗು: ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಗಡಿಯಾರದ ಪ್ರಕಾರ ಎರಡೂವರೆ ಗಂಟೆಯ ಪ್ರಯಾಣ! ಎರಡು ಊರುಗಳ ಸಮಯದ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದರಿಂದ ಆಗ ಹನ್ನೆರಡೂವರೆ. ಟಿಕೆಟ್ಟಿನ ಮೇಲಿನ ಹೊರಡುವ ಹೊತ್ತು, ಮುಟ್ಟುವ ಹೊತ್ತು ಎರಡೂ ಆಯಾ ಊರಿನವು. ಒಂದರಿಂದ ಇನ್ನೊಂದನ್ನು ಕಳೆದು ಪ್ರಯಾಣದ ಗಂಟೆ ಲೆಕ್ಕ ಹಾಕಿ, ಮಾತ್ರೆ ತೆಗೆದುಕೊಳ್ಳುವ ಹೊತ್ತು ನಿಗದಿ ಮಾಡುವ ಹಿರಿಯರು ಎಚ್ಚರವಾಗಿರಬೇಕು. ಸಕ್ಕರೆ ಕಾಯಿಲೆಯವರಂತೂ ಹೊರಡುವ ಮೊದಲೇ ವೈದ್ಯರನ್ನು ಕೇಳಿ ಗಂಟೆ ಬರೆಸಿಕೊಳ್ಳುವುದು ಒಳ್ಳೆಯದು.

ಟಿಕೆಟ್ಟಿನ ಗಂಟೆ ಹಾರಾಟದ ಗಂಟೆಯೂ ಅಲ್ಲ. ವಿಮಾನ ನಿಂತ ಜಾಗದಿಂದ ಹಿಂದಕ್ಕೆ ಸರಿದ ಕ್ಷಣದಿಂದ, ಆಚೆ ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಹೊತ್ತು ಅದು. ರನ್‌ವೇವರೆಗಿನ ತೆವಳಾಟ, ಸರದಿಗೆ ಕಾಯುವುದು, ಇಳಿಯುವ ಮೊದಲು ಆಕಾಶದಲ್ಲಿ ಸುತ್ತುವುದು ಎಲ್ಲ ಸೇರಿಕೊಂಡಿರುತ್ತದೆ. ಸಂಸ್ಥೆಗಳು ಇದಕ್ಕೆ ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿಟ್ಟಿರುತ್ತವೆ. ಹೇಳಿದ ಹೊತ್ತಾದ ಹದಿನೈದು ನಿಮಿಷದೊಳಗೆ ಬಂದರೆ ಸಕಾಲಕ್ಕೆ ಬಂದಂತೆ ಎಂಬುದು ಈ ಉದ್ಯಮದ ಲೆಕ್ಕ. ಹೇಳುವ ಹೊತ್ತನ್ನೇ ಹಿಗ್ಗಿಸಿದರೆ ಆಮೇಲೆ ತಡವಾಗುವ ಪ್ರಶ್ನೆ ಬರುವುದಿಲ್ಲ. ಅರ್ಧ ಗಂಟೆ ಮೊದಲೇ ಇಳಿದಿದ್ದೇವೆ ಎಂದು ಗಗನಸಖಿ ಸಂಭ್ರಮದಿಂದ ಘೋಷಿಸಿದಾಗ ಪೈಲಟ್‌ನ ಚಾಕಚಕ್ಯತೆಗಿಂತ ವೇಳಾಪಟ್ಟಿ ಬರೆದವರ ಮುಂಜಾಗ್ರತೆಗೆ ಚಪ್ಪಾಳೆ ತಟ್ಟುವುದು ನ್ಯಾಯ.

ನಡುವೆ ಇಳಿದು ಹೋಗುವವರ ಲೆಕ್ಕವೂ ಕುತೂಹಲದ್ದು. ದುಬೈ ಮೂಲಕ ಹೋದರೆ ಬೆಂಗಳೂರು-ದುಬೈ 2,700, ದುಬೈ-ಸ್ಯಾನ್ ಫ್ರಾನ್ಸಿಸ್ಕೋ 13,000; ಒಟ್ಟು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕವಾದರೆ 7,400 ಮತ್ತು ಸುಮಾರು 9,150. ಒಟ್ಟು ಹದಿನಾರೂವರೆ ಸಾವಿರ. ಪಶ್ಚಿಮಕ್ಕೆ ಹೋಗಿ ಯೂರೋಪು ಸುತ್ತಿದರೂ ಹೆಚ್ಚುವರಿ ಬೀಳುವುದು ನೂರಕ್ಕೆ ಹದಿನೆಂಟರಷ್ಟು ಮಾತ್ರ. ಆದರೂ ಅಂಥ ಪ್ರಯಾಣ ಇಪ್ಪತ್ತೆರಡು ಗಂಟೆಯಿಂದ ಮೂವತ್ತರವರೆಗೆ ಹಿಗ್ಗುತ್ತದೆ. ಹೆಚ್ಚಾದ ಗಂಟೆಗಳು ಆಕಾಶದವಲ್ಲ, ನಡುವಿನ ಊರಿನ ಬೆಂಚಿನವು. ಮೊಣಕಾಲು ನೋವಿನವರಿಗೆ ಆ ಬೆಂಚೇ ಹಿತ, ಹದಿನೇಳು ಗಂಟೆ ಒಂದೇ ಕುರ್ಚಿಯಲ್ಲಿ ಕೂರುವುದಕ್ಕಿಂತ ನಡುವೆ ಎದ್ದು ಓಡಾಡುವುದು ವಾಸಿ ಎನ್ನುವವರನ್ನೂ ಕಂಡಿದ್ದೇನೆ. ಇಂಗ್ಲಿಷ್ ಬಾರದ ಹಿರಿಯರು, ನಡುವೆ ಇಳಿದು ಇನ್ನೊಂದು ಗೇಟು ಹುಡುಕುವ ಭಯಕ್ಕೇ ನೇರ ವಿಮಾನಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ. ಇಬ್ಬರ ಲೆಕ್ಕವೂ ಸರಿ.

ಯಾವುದೇ ಎರಡು ಊರಿಗೆ ಅಂದಾಜು ಗಂಟೆ ಬೇಕೆಂದರೆ ಒಂದು ಸರಳ ದಾರಿ ಇದೆ: ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಬೆಂಗಳೂರು-ಲಂಡನ್ 8,000 ಕಿ.ಮೀ.ಗೆ ಸುಮಾರು ಹತ್ತು ಗಂಟೆ ಬರುತ್ತದೆ, ದಿಲ್ಲಿಯ 1,700ಕ್ಕೆ ಎರಡೂವರೆ. ಟಿಕೆಟ್ಟಿನ ಅಂಕಿ ಇದಕ್ಕಿಂತ ತುಸು ಹೆಚ್ಚಿದ್ದರೆ ಎದುರುಗಾಳಿಯೋ ಸುತ್ತುದಾರಿಯೋ ಸೇರಿಸಿಟ್ಟ ನಿಮಿಷಗಳೋ ಕಾರಣ. ದೂರ ಕಡಿಮೆಯಾದಂತೆ ಈ ಸೂತ್ರದಲ್ಲಿ ಆ ಅರ್ಧ ಗಂಟೆಯದೇ ಕಾರುಬಾರು. ಬೆಂಗಳೂರು-ಮಂಗಳೂರು ನಡುವೆ ಆಕಾಶದಲ್ಲಿ ಸುಮಾರು 300 ಕಿ.ಮೀ., ಲೆಕ್ಕಕ್ಕೆ ಇಪ್ಪತ್ತು ನಿಮಿಷದ ಹಾರಾಟ. ವೇಳಾಪಟ್ಟಿಯಲ್ಲಿ ಅದಕ್ಕೆ ಸುಮಾರು ಒಂದು ಗಂಟೆ. ಮೇಲೇರುವುದು ಮುಗಿಯುವಷ್ಟರಲ್ಲಿ ಇಳಿಯುವುದು ಶುರು. ಅದಕ್ಕೆ ಹೆಬ್ಬಾಳದ ವಾಹನದಟ್ಟಣೆ, ಬೋರ್ಡಿಂಗ್‌ಗೆ ಮೊದಲಿನ ಕಾಯುವಿಕೆ, ಬಜ್ಪೆಯಿಂದ ಊರಿಗೆ ಬರುವ ಹೊತ್ತು ಕೂಡಿಸಿ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯದ ದಿನವಾದರೆ ರಾತ್ರಿ ಬಸ್ಸಿಗೂ ವಿಮಾನಕ್ಕೂ ಇರುವ ಅಂತರ ಎರಡು-ಮೂರು ಗಂಟೆಗೆ ಇಳಿದಿರುತ್ತದೆ.